ದ್ಯಾವಮ್ಮ ಕೇಳಿಕೊಂಡ ಒಂದು ದಿನ

ಕೋವಿಡ್ ಇಳಿದ ಮರುವರ್ಷ. ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಪೇಶೆಂಟ್ ಕೋಆರ್ಡಿನೇಟರ್. ಸ್ಟ್ರೆಚರ್ ತಳ್ಳುವ ಕೆಲಸದಿಂದ ಆ ಕುರ್ಚಿಗೆ ಬಂದದ್ದು ಓದಿನಿಂದಲ್ಲ, ಮಾತಿನಿಂದ. ದೊಡ್ಡ ಆಪರೇಷನ್‌ಗೆ ಹೈದರಾಬಾದಿಗೆ ಹೋಗುವವರ ಮನೆಯವರನ್ನು ಒಂದು ಮಾತಿಗೆ ತರುವುದು ನನ್ನ ಕೆಲಸವಾಗಿತ್ತು.

ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನ ಹುಲಿಗೆಮ್ಮನಿಗೆ ಬೇರೆಲ್ಲೋ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗುವಾಗ ಪಿತ್ತನಾಳಕ್ಕೆ, ಅಂದರೆ ಲಿವರ್‌ನಿಂದ ಕರುಳಿಗೆ ಪಿತ್ತ ಸಾಗಿಸುವ ಕೊಳವೆಗೆ, ಪೆಟ್ಟಾಗಿತ್ತು. ಇಂಥ ಪೆಟ್ಟಿಗೆ ಸಾಮಾನ್ಯವಾಗಿ ನಾಳವನ್ನು ಕರುಳಿಗೆ ಜೋಡಿಸಿದರೆ ಸಾಕು. ಈಕೆಗೆ ಎರಡು ಸಲ ಜೋಡಿಸಿದರೂ ಕಟ್ಟಿಕೊಂಡಿತು. ಚಳಿಜ್ವರ, ಕಾಮಾಲೆ ಮರುಕಳಿಸಿ ಲಿವರ್ ಗಟ್ಟಿಯಾಯಿತು. ಇನ್ನು ಮನೆಯವರೊಬ್ಬರ ಲಿವರ್‌ನ ಭಾಗ ತೆಗೆದು ಕಸಿ ಮಾಡುವುದೊಂದೇ ದಾರಿ ಎಂದರು ಹೈದರಾಬಾದಿನ ಸರ್ಜನ್. ಗಂಡನ ರಕ್ತದ ಗುಂಪು ಕೂಡಲಿಲ್ಲ. ಅಣ್ಣ ಹನುಮಂತನ ಲಿವರ್‌ನಲ್ಲಿ ಕೊಬ್ಬು. ಉಳಿದವಳು ದೇವದುರ್ಗಕ್ಕೆ ಕೊಟ್ಟ ತಂಗಿ ದ್ಯಾವಮ್ಮ.

ನಮ್ಮ ಕಡೆ ಕೊಟ್ಟ ಹೆಣ್ಣಿನ ಮಾತನ್ನು ಅತ್ತೆಯ ಹತ್ತಿರ ಆಡಬೇಕು. ಹನುಮಂತನನ್ನು ಕರೆದುಕೊಂಡು ಹೋದೆ. ದ್ಯಾವಮ್ಮ ಚಹಾ ಕೊಟ್ಟು ಒಳಗೆ ಸರಿದಳು.

“ತೆಗೆದಷ್ಟು ಲಿವರ್ ಮತ್ತ ಬೆಳೀತದ ಯವ್ವಾ. ಆದ್ರ ಮೂರು ತಿಂಗಳು ಭಾರ ಎತ್ತಂಗಿಲ್ಲ,” ಎಂದೆ ಅತ್ತೆಗೆ.

“ಅಲ್ಲೀ ತನಕ ನೀರು ಯಾರು ತರಬೇಕು? ನೀ ಬರ್ತೀ ಏನಪಾ?” ಎಂದಳು ಮುದುಕಿ.

“ನಾ ಯಾಕ? ಆಕೀ ಅಣ್ಣ ಅದಾನಲ್ಲ, ಗೂಳಿ ಇದ್ದಂಗ.”

ಬೀಗರ ಮನೆಯಲ್ಲಿ ಸೊಸೆಯ ಅಣ್ಣ ಕೊಡ ಹೊರುವುದೆಂದರೆ ಓಣಿಯೇ ನಗುತ್ತದೆ. ಹನುಮಂತ ನನ್ನನ್ನು ದುರುಗುಟ್ಟಿ ನೋಡಿ, ಕಡೆಗೆ “ಹೊರ್ತೀನಿ ಬಿಡ್ರಿ” ಅಂದ. ಮುದುಕಿ ಮೂರು ತಿಂಗಳನ್ನು ನಾಲ್ಕಕ್ಕೆ ಏರಿಸಿ ಒಪ್ಪಿದಳು. ವ್ಯವಹಾರ ಮುಗಿಯಿತು ಎಂದುಕೊಂಡೆ.

ಹೈದರಾಬಾದಿನಲ್ಲಿ ದಾನಿಯನ್ನು ಮನೆಯವರಿಂದ ಬೇರೆಯಾಗಿ ಕೂಡಿಸಿ ಕೇಳುತ್ತಾರೆ. ಡಾಕ್ಟರರದು ತೆಲುಗು, ಕನ್ನಡಕ್ಕೆ ತಿರುಗಿಸಲು ನಾನು. ಯಾರದಾದರೂ ಒತ್ತಾಯ ಇದೆಯೇ ಎಂದರು.

“ಅತ್ತಿ ಒಪ್ಯಾಳ, ಅಣ್ಣ ಒಪ್ಯಾನ. ನನ್ನ ಕೇಳಿದವ್ರು ನೀವೇ ಮೊದಲರಿ,” ಅಂದಳು ದ್ಯಾವಮ್ಮ. “ನನ್ನ ಜೀವಕ್ಕ ಅಪಾಯ ಅದ ಏನ್ರಿ?”

ಕಡಿಮೆ, ಆದರೆ ಇದೆ ಎಂದರು ಡಾಕ್ಟರ್. ಬೇಡವೆಂದರೆ, ‘ದಾನಕ್ಕೆ ಹೊಂದುವುದಿಲ್ಲ’ ಎಂದಷ್ಟೇ ಮನೆಯವರಿಗೆ ತಿಳಿಸುತ್ತೇವೆ ಎಂದೂ ಹೇಳಿದರು. ಯೋಚಿಸಲು ಆಕೆ ಒಂದು ದಿನದ ಸಮಯ ಕೇಳಿದಳು. ಈಗಲೇ ಒಪ್ಪಿಸಲು ನಾನು ಬಾಯಿ ತೆರೆದೆ. ಡಾಕ್ಟರ್ ಕೈಯೆತ್ತಿ ತಡೆದರು. ವಾರ್ಡಿನಲ್ಲಿ ಹುಲಿಗೆಮ್ಮನ ಕಣ್ಣು ಅರಿಶಿನವಾಗಿತ್ತು. ಆ ದಿನವಿಡೀ ನಾನು ದ್ಯಾವಮ್ಮನ ಕಡೆ ಸುಳಿಯಲಿಲ್ಲ.

ಮರುದಿನ ಆಕೆಯೇ ಬಂದಳು. “ಅಕ್ಕಗ ಹೇಳಿ ಬಂದೀನ್ರಿ. ಮಂದಿ ಒಪ್ಯಾರಂತ ಅಲ್ಲ, ನಾನಾಗಿ ಕೊಡಾಕತ್ತೀನಿ ಅಂತ.”

ಕಸಿಯಾಯಿತು. ಅಕ್ಕ ತಂಗಿ ಇಬ್ಬರೂ ಊರು ಸೇರಿದರು.

ನಿಮ್ಮ ಮನೆಯಲ್ಲಿ ಇಂಥ ಹೊತ್ತು ಬಂದರೆ ಹಿರಿಯರ ಕಟ್ಟೆಗೆ ಆಮೇಲೆ ಹೋಗಿ. ಮೊದಲು ಕೊಡುವವರನ್ನು ಒಬ್ಬರನ್ನೇ ಕೂಡಿಸಿ ಕೇಳಿ. ‘ಒಲ್ಲೆ’ ಅನ್ನಲು ಎಡೆಯಿಲ್ಲದವರು ಹೇಳಿದ ‘ಹೂಂ’ ನಂಬಿ ಒಳ್ಳೆಯ ಸರ್ಜನ್ ಯಾರೂ ಚಾಕು ಹಿಡಿಯುವುದಿಲ್ಲ.