ಎಡಬದಿಯ ಹಲ್ಲಿನ ಗುರುತು

ಟೀಚರು ತಂಬಾಕು ಸೇದುವ ಹಳೆಯ ಪೈಪನ್ನು ಕೈಗೆತ್ತಿಕೊಂಡರೆ ಮೊದಲು ಮೂಗಿಗೆ ಹಿಡಿಯುತ್ತಿದ್ದರು. ಆಮೇಲೆ ಬಾಯಿಗಿಡುವ ಕಪ್ಪು ತುದಿಯ ಅಡಿಯಲ್ಲಿ ಅವರ ಹೆಬ್ಬೆರಳು ಮೆಲ್ಲ ಓಡುತ್ತಿತ್ತು. ಬೆರಳು ಎಡಬದಿಗೆ ಬಂದಾಗ ಉಸಿರು ನಿಲ್ಲುತ್ತಿತ್ತು. "ಅಲ್ಲ" ಎಂದು ಅದನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿದ ಮೇಲೆಯೇ ನಾನೂ ಉಸಿರು ಬಿಡುವುದು.

ಸೇದುವುದಕ್ಕಲ್ಲ. ಬೀಡಿಯ ಹೊಗೆಗೇ ಸೆರಗು ಮುಚ್ಚುವವರು ಅವರು. ನೆಲ್ಯಾಡಿಯಲ್ಲಿ ಅವರದ್ದು ರಬ್ಬರ್ ತೋಟ, ನಾನು ಅಲ್ಲಿ ಮರ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಮಾಡುತ್ತಿದ್ದವಳು. ಕೇರಳದಿಂದ ಬಂದು ಆ ತೋಟ ಮಾಡಿದ ಅವರ ಅಪ್ಪ, ಯಾವುದೋ ಎಸ್ಟೇಟಿನ ಸಾಹೇಬರು ಕೊಟ್ಟ ಪೈಪೊಂದನ್ನು ಸಾಯುವ ತನಕ ಕಚ್ಚಿಕೊಂಡೇ ಇದ್ದರಂತೆ. ಬಲಗಡೆ ಹಲ್ಲಿರಲಿಲ್ಲ, ಹಾಗಾಗಿ ಎಡಬದಿಯಲ್ಲಿ ಮಾತ್ರ ಹಲ್ಲಿನ ಗುಳಿ. ಅವರು ಹೋದ ಮೇಲೆ ಮನೆ ಚೊಕ್ಕ ಮಾಡುವಾಗ ಯಾರೋ ಅದನ್ನು ಗುಜರಿಗೆ ಹಾಕಿದರು. ರಿಟೈರ್ ಆದ ಮೇಲೆ ಟೀಚರಿಗೆ ಅದನ್ನು ಹುಡುಕುವ ಹುಚ್ಚು ಹಿಡಿಯಿತು.

ಪೈಪಿನ ವಿಷಯ ಅವರಿಗೂ ಗೊತ್ತಿಲ್ಲ, ನನಗೆ ಮೊದಲೇ ಗೊತ್ತಿಲ್ಲ. ಕಡಬ, ಪುತ್ತೂರು, ಸುಳ್ಯ ಎಂದು ಗುಜರಿ ಅಂಗಡಿಗಳಿಗೆ ಬಸ್ಸಿನಲ್ಲಿ ಅಲೆದದ್ದೇ ಅಲೆದದ್ದು. ಒಮ್ಮೆ ಯಾರೋ ನಾಟಕದವರ ಪೈಪನ್ನು ಖುಷಿಯಿಂದ ಹೊತ್ತು ತಂದೆವು. ಮನೆಗೆ ಬಂದು ನೋಡಿದರೆ ಅದಕ್ಕೆ ತೂತೇ ಇಲ್ಲ!

ಪೈಪಿನ ಮರದ ಮೇಲೆ ಯಾವ ಕಂಪನಿಯದ್ದೆಂದು ಸಣ್ಣ ಇಂಗ್ಲಿಷ್ ಅಕ್ಷರ ಒತ್ತಿರುತ್ತದೆ. ಅಪ್ಪನ ಪೈಪಿನದ್ದರಲ್ಲಿ ಅವರಿಗೆ ನೆನಪಿದ್ದದ್ದು ಮೊದಲ ಅಕ್ಷರ ಮಾತ್ರ, ಡಿ. ಆದರೆ ಅವರ ಕಣ್ಣು ಮಂಜು. ನಾನು ಓದಿದ್ದು ಎರಡನೆಯ ಕ್ಲಾಸು.

"ಟೀಚರೇ, ಒಂದು ಕೋಲು. ಬಲಕ್ಕೆ ಹೊಟ್ಟೆ."

"ಹೊಟ್ಟೆ ಒಂದಾ, ಎರಡಾ?"

"ಒಂದೇ."

"ಪೂರ್ತಿ ಉಂಟಾ, ಮೇಲೆ ಮಾತ್ರವಾ?"

"ಮೇಲೆ ಮಾತ್ರ ಮಾರಾಯ್ರೆ, ಗಂಟಲಿಗೆ ಬಂದ ಹಾಗೆ!"

"ಹಾಗಾದರೆ ಪಿ. ನನ್ನ ಅಂಗೈಯಲ್ಲಿ ಬರೆ."

ನಸುಕಿನಿಂದ ಟ್ಯಾಪಿಂಗ್ ಕತ್ತಿ ಹಿಡಿದ ಕೈ, ಸಿಟ್ಟು ಬರುವುದಿಲ್ಲವೇ? "ನನಗೆ ಎಂತಕ್ಕೆ ಟೀಚರೇ ಈ ಇಂಗ್ಲಿಷು?" ಎಂದರೆ, "ನಿನಗಲ್ಲ, ನನಗೆ ಬೇಕಾದ್ದು. ಬರೆ ಮಾರಾಯ್ತಿ" ಎನ್ನುವರು. ತಪ್ಪಿದರೆ ಅಂಗೈಯನ್ನು ಸ್ಲೇಟಿನ ಹಾಗೆ ಒರೆಸಿ ಮತ್ತೆ ಚಾಚುವರು.

ಒಂದು ದಿನ ಸುಳ್ಯದ ಗುಜರಿ ಅಂಗಡಿಯಿಂದ ಫೋನ್ ಬಂತು, ಪೈಪೊಂದು ಸಿಕ್ಕಿದೆ ಎಂದು. ಹೋದೆವು. ಗುಜರಿಯವನು ಪೈಪನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದ. ಬಿಚ್ಚಿದರೆ ಮದುಮಗಳಿಗೆ ಕೊಡುವ ಹೊಸ ಕಪಾಟಿನ ಹಾಗೆ ಫಳಫಳ. ಅಕ್ಷರ ಎಲ್ಲಿ? ಇಲ್ಲ. ಮರವೆಲ್ಲ ನುಣ್ಣಗೆ.

"ಟೀಚರಿಗೆಂದು ನಾನೇ ಪಾಲಿಶ್ ಪೇಪರ್ ಹಾಕಿ ಉಜ್ಜಿದ್ದು, ವಾರ್ನಿಶೂ ಹೊಡೆದಿದ್ದೇನೆ. ಯಾರದ್ದೋ ಹಲ್ಲಿನ ಗುರುತು ಇತ್ತು, ಅಸಹ್ಯ! ಅದನ್ನೂ ತೆಗೆದೆ."

ಟೀಚರ ಹೆಬ್ಬೆರಳು ಆ ತುದಿಯಲ್ಲಿ ಹೋಗಿ ಬಂತು, ಹೋಗಿ ಬಂತು. "ಎಡದಲ್ಲಿತ್ತಾ, ಬಲದಲ್ಲಿತ್ತಾ?"

"ಅದನ್ನೆಲ್ಲ ಯಾರು ನೋಡ್ತಾರೆ ಟೀಚರೇ!"

ನನಗೆ ಅವನ ತಕ್ಕಡಿಯಲ್ಲೇ ಅವನನ್ನು ತೂಗಬೇಕೆನಿಸಿತು. ಟೀಚರು "ಚೆಂದ ಆಗಿದೆ" ಎಂದರು. ಬಸ್ಸಿನಲ್ಲಿ ನಾನು ಬೈದದ್ದಕ್ಕೆ, "ಅವನು ಪ್ರೀತಿಯಲ್ಲಿ ಮಾಡಿದ್ದು, ಬಿಡು" ಎಂದರು. ಆ ಪೈಪು ಮಾತ್ರ ಡಬ್ಬಿಗೆ ಹೋಗಲಿಲ್ಲ, ದಿಂಬಿನ ಬದಿಯಲ್ಲಿ ಉಳಿಯಿತು. ಅದಕ್ಕೆ ಅವರು "ಅಲ್ಲ" ಎನ್ನಲೇ ಇಲ್ಲ, "ಹೌದು" ಎಂದೂ ಅಲ್ಲ. ಮತ್ತೆ ಹುಡುಕಲು ಹೊರಡಲೂ ಇಲ್ಲ. ಹಾಗೆಯೇ ತೀರಿಹೋದರು.

ಡಬ್ಬಿ, ಆ ನುಣ್ಣನೆಯ ಪೈಪು, ಎಲ್ಲವೂ ಈಗ ನನ್ನಲ್ಲಿ. ಅಂಗನವಾಡಿಗೆ ಹೋಗುವ ನನ್ನ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿ ಒಂದೊಂದೇ ಪೈಪಿನ ಅಕ್ಷರ ಓದಿ ಹೇಳುತ್ತೇನೆ. ನಾನು! ಇಂಗ್ಲಿಷ್!

ಮೊನ್ನೆ ಅವಳು ನುಣ್ಣನೆಯದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಜ್ಜೀ, ಇದರಲ್ಲಿ ಎಂತದೂ ಇಲ್ಲ!" ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಬಾಲ್ ಪೆನ್ನು ಒತ್ತಿ ಒತ್ತಿ ಅದರ ಮೇಲೆ ದೊಡ್ಡದೊಂದು "ಅ" ಬರೆದಿದ್ದಳು. ಯಾರೂ ಕೈ ಹಿಡಿಯದೆ ಅವಳು ಬರೆದ ಮೊದಲ ಅಕ್ಷರ. ಹೊಡೆಯಲು ಎತ್ತಿದ ಕೈಯಲ್ಲೇ ಪೈಪು ಹಿಡಿದು ಓಡಿ ಆಚೆ ಮನೆ, ಈಚೆ ಮನೆಗೆಲ್ಲ ತೋರಿಸಿ ಬಂದೆ.

ಈಗ ಕಣ್ಣು ಮುಚ್ಚಿ ಹೆಬ್ಬೆರಳು ಓಡಿಸಿದರೆ, ಅವಳು ಪೆನ್ನು ಒತ್ತಿದ ಕಡೆ ಅದು ನಿಲ್ಲುತ್ತದೆ. ಗುಳಿ ಉಂಟು.