ಕೀಲಿ ಯಾರ ಕೊರಳಲ್ಲಿ

ಲಿಫ್ಟ್ ರಿಪೇರಿ ತಂಡದ ಮೇಸ್ತ್ರಿ ಕೆಲಸ ಮುಗಿದ ಕೂಡಲೇ ಟೂಲ್ ಬಾಕ್ಸಿನ ಮೇಲೆ ಕೂತು, "ಇವತ್ತು ನಾನು ಮಾಡಿದ ಒಂದು ತಪ್ಪು ಹೇಳ್ರಪ್ಪಾ, ಆಮೇಲೆ ಮನೆಗೆ ಹೋಗಿ" ಎನ್ನುತ್ತಾನೆ. "ಎಲ್ಲಾ ಚೆನ್ನಾಗಿತ್ತಣ್ಣ" ಎಂದವರ ಮೇಲೆ ಅವನಿಗೆ ಎಲ್ಲಿಲ್ಲದ ಸಿಟ್ಟು. ಮನೆಯಲ್ಲೂ ಅದೇ ಚಾಳಿ, "ಗಂಡನಾಗಿ ಹೇಗಿದ್ದೀನೇ?" ಎಂದರೆ ಹೆಂಡತಿ "ಮೊದಲು ಆ ಸೋರೋ ನಲ್ಲಿ ನೋಡಿ" ಅನ್ನುತ್ತಾಳೆ, ಇವನು ಪಾನಾ ಹಿಡಿಯುತ್ತಾನೆ. ಒಂದು ಸಂಜೆ ತಂಡದ ಫಿಟ್ಟರಕ್ಕ ಮುಖಕ್ಕೆ ಹೊಡೆದಂತೆ ಅಂದಳು: "ಅಣ್ಣಾ, ನಾನಿನ್ನೂ ಲಿಫ್ಟಿನ ಕೆಳಗಿನ ಗುಂಡಿಯೊಳಗಿದ್ದೆ, ನೀನು ಮೇಲಿಂದ ಕರೆಂಟ್ ಹಾಕಿದೆ." ಮರುದಿನವೇ ಅವನು ಮೇನ್ ಸ್ವಿಚ್ಚಿಗೆ ಬೀಗ ತಂದ. ಸ್ವಿಚ್ ಆರಿಸಿ ಜಡಿಯುವ ಆ ಬೀಗದ ಕೀಲಿ ಈಗ ಗುಂಡಿಗೆ ಯಾರು ಇಳಿಯುತ್ತಾರೋ ಅವರ ಕೊರಳಲ್ಲಿ. ಕಟ್ಟಡದ ಯಜಮಾನ ಬಂದು "ಬೇಗ ಚಾಲೂ ಮಾಡಯ್ಯಾ, ಇಲ್ಲಿ ಮೇಸ್ತ್ರಿ ನೀನಲ್ವಾ?" ಎಂದು ಗದರಿದರೆ, ಅವನು ಗುಂಡಿಯತ್ತ ಬೆರಳು ತೋರಿಸಿ, "ಅವಳು ಮೇಲೆ ಬರೋವರೆಗೂ ಅವಳೇ ಮೇಸ್ತ್ರಿ, ಸ್ವಾಮಿ" ಎನ್ನುತ್ತಾನೆ.