ಕಾಲಿಗೆ ಕೊಟ್ಟ ನೀರು

ಸೋಮವಾರ ವೀಳ್ಯ ಕೊಟ್ಟುಬಿಡೋಣ ಎಂದು ನಮ್ಮ ಮನೆಯವರು ಹೇಳಿದ್ದು ಬುಧವಾರ ಬೆಳಿಗ್ಗೆ, ರೊಟ್ಟಿ ತಿನ್ನುತ್ತಾ. ವೀಳ್ಯ ಎಂದರೆ ಎಲೆ, ಅಡಿಕೆ, ಒಂದು ತೆಂಗಿನಕಾಯಿ. ಮನೆ ಕಟ್ಟುವವನ ಕೈಯಲ್ಲಿ ಅದನ್ನು ಇಟ್ಟಮೇಲೆ ಮಾತು ಮುಗಿದಂತೆ. ಆಮೇಲೆ ಇನ್ನೊಬ್ಬನನ್ನು ಹುಡುಕುವುದು ನಮ್ಮಲ್ಲಿ ಸಲ್ಲದು.

ಹತ್ತೊಂಬತ್ತು ವರ್ಷ ಗೋಕಾಕದಲ್ಲಿ ಬಾಡಿಗೆ ಮನೆ ಮಾಡಿದವರು ನಾವು. ಕೊಣ್ಣೂರ ರಸ್ತೆಯ ಕಡೆ ಒಂದು ಪ್ಲಾಟು ನಮ್ಮದಾಗಿತ್ತು, ಇನ್ನು ಕಟ್ಟುವುದೊಂದೇ ಬಾಕಿ. ಖುಷಿಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತುಹೋಯಿತು. ಹಂಚಿನ ಮೇಲಿದ್ದದ್ದು ಕಪ್ಪಾಯಿತು.

"ಯಾರಿಗ್ರಿ ಕೊಡೂದು?" ಎಂದು ಕೇಳಿದೆ.

"ಇನ್ಯಾರಿಗೆ? ನಮ್ಮ ಹುಕ್ಕೇರಿಯಾಂವಗ."

ಹುಕ್ಕೇರಿಯವನು ಎಂದರೆ ನಮ್ಮ ಅತ್ತೆಯ ಅಣ್ಣನ ಮಗ. ಐದಾರು ವರ್ಷದಿಂದ ಮನೆ ಕಟ್ಟಿಸುವ ಗುತ್ತಿಗೆ ಹಿಡಿದಿದ್ದಾನೆ. ನನ್ನನ್ನು ಕಂಡರೆ "ವೈನಿ, ಶರಣ್ರಿ" ಎಂದು ಎರಡೂ ಕೈ ಜೋಡಿಸುತ್ತಾನೆ. ಹಣೆ ತುಂಬ ಮೂರು ಬೆರಳಿನ ವಿಭೂತಿ. ಅಂಥ ಹಣೆ ನೋಡಿದರೆ ನನ್ನ ಮನಸ್ಸು ಕರಗುತ್ತದೆ, ಅದು ನನ್ನ ಸ್ವಭಾವ. ಆದರೂ ಅಂದು ಯಾಕೋ ಬಾಯಿಂದ ಬಂತು:

"ಅಂವ ಕಟ್ಟಿದ್ದ ಮನಿ ಒಂದರೆ ನೋಡಬೇಕಲ್ರಿ."

"ಮನ್ಯಾನ ಹುಡುಗ. ನೋಡೂದೇನೈತಿ?"

"ಒಂದ ಸೀರಿ ತಗೊಳಾಕ ನಾಲ್ಕ ಅಂಗಡಿ ಹತ್ತಿ ಇಳೀತೇವಿ. ಮನಿಗೆ ಅಷ್ಟೂ ಬ್ಯಾಡೇನ್ರಿ?"

ಮೂಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು. "ನಡಿ, ನಾನೂ ಬರ್ತೇನಿ. ನನ್ನ ಅಣ್ಣನ ಮಗಾ ಎಂಥಾ ಮನಿ ಕಟ್ಟತಾನಂತ ಕಣ್ಣ ತುಂಬ ನೋಡಿ ಬಾ. ಆಮ್ಯಾಲ ಬಾಯಿ ಮುಚ್ಚು."

ಹೆಂಗಸರಿಗೆ ಈಗ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸು ಕೊಡಬೇಕಿಲ್ಲ, ಆಧಾರ ಕಾರ್ಡು ತೋರಿಸಿದರೆ ಸಾಕು. ಶಿವ ಹೆಂಗಸರಿಗೆ ಕೊಟ್ಟ ಸಣ್ಣ ವರಗಳಲ್ಲಿ ಇದೂ ಒಂದು ಎಂದು ನಾನು ತಿಳಿದಿದ್ದೇನೆ. ಯಾರನ್ನೂ ಕೇಳದೆ ಒಂದು ಊರಿಗೆ ಹೋಗಿ ಬರಬಹುದು. ಗುರುವಾರ ಲಿಂಗಪೂಜೆ ಮುಗಿಸಿ, ಮಧ್ಯಾಹ್ನದ ಅಡಿಗೆ ಮುಚ್ಚಿಟ್ಟು, ಹುಕ್ಕೇರಿಯ ಬಸ್ಸು ಹತ್ತಿದೆವು. ಕಿಟಕಿ ಪಕ್ಕದ ಸೀಟು ಸಿಕ್ಕಿತು, ಅದೂ ಒಂದು ವರ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಅಡ್ಡ ಬರುತ್ತಿದ್ದವು. ನಾನು ಮಾತ್ರ ಎಡಬಲ ಬಂದ ಮನೆಗಳನ್ನೆಲ್ಲ ನೋಡುತ್ತಾ, ಇಂಥ ಕಿಟಕಿ, ಇಂಥ ಕಟ್ಟೆ, ಇಂಥ ಮೆಟ್ಟಿಲು ಎಂದು ಮನಸ್ಸಿನಲ್ಲೇ ನಮ್ಮ ಪ್ಲಾಟಿನ ಮೇಲೆ ತಂದು ಕೂರಿಸುತ್ತಿದ್ದೆ.

ಅತ್ತೆಯ ಆ ಅಳಿಯ ಬಸ್ ಸ್ಟ್ಯಾಂಡಿಗೇ ಬಂದಿದ್ದ. ತಾನು ಎರಡು ವರ್ಷದ ಹಿಂದೆ ಕಟ್ಟಿದ ಮನೆಯೊಂದಕ್ಕೆ ಕರೆದುಕೊಂಡು ಹೋದ. ಎದುರಿಗೆ ನಿಂತು ನೋಡಿದರೆ, ಸುಳ್ಳು ಹೇಳಬಾರದು, ಅರಮನೆ. ಮುಂಭಾಗಕ್ಕೆಲ್ಲ ಬಣ್ಣದ ಕಲ್ಲು, ಬಾಗಿಲಿಗೆ ಕೆತ್ತನೆ. ಗೇಟಿನ ಹತ್ತಿರವೇ ನಮ್ಮನ್ನು ನಿಲ್ಲಿಸಿಕೊಂಡು ಅವನು ಒಂದೊಂದೇ ವಿವರಿಸತೊಡಗಿದ. ಅತ್ತೆಯ ಮುಖ ಅರಳಿತ್ತು. ನಾನೂ ಮನಸ್ಸಿನಲ್ಲೇ ವೀಳ್ಯ ಕೊಟ್ಟಾಗಿತ್ತು.

ಅಷ್ಟರಲ್ಲಿ ಆ ಮನೆಯ ಹೆಣ್ಣುಮಗಳು ಒಳಗಿಂದ ಕೂಗಿದಳು. "ಬಿಸಲಾಗ ಯಾಕ ನಿಂತೀರಿ? ಒಳಗ ಬರ್ರಿ, ಕಾಲಿಗೆ ನೀರ ತಗೋರಿ."

ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುವುದು ನಮ್ಮ ಕಡೆಯ ರೂಢಿ. ಅತ್ತೆ ಬಚ್ಚಲಿಗೆ ಹೋಗಿ ತಂಬಿಗೆ ಬಗ್ಗಿಸಿದರು. ನೀರು ಮೂಲೆಯಲ್ಲಿದ್ದ ಕಿಂಡಿಯ ಕಡೆ ಎರಡು ಗೇಣು ಹೋಯಿತು. ಅಲ್ಲಿ ತುಸು ನಿಂತಿತು. ಆಮೇಲೆ ನಿಧಾನವಾಗಿ ತಿರುಗಿ ಬಂದು, ಅತ್ತೆಯ ಪಾದ ಸುತ್ತಿ, ಸೀರೆಯ ಅಂಚು ತೋಯಿಸಿ, ಹೊಸ್ತಿಲಿಗೆ ಬಂದು ಕೂತಿತು. ಹೆಣ್ಣುಮಗಳು ಬಾಗಿಲ ಹಿಂದಿನಿಂದ ಕಸಬರಿಗೆ ತೆಗೆದು ನೋಡನೋಡುತ್ತಲೇ ನೀರನ್ನು ಹಿಂದಕ್ಕೆ ತಳ್ಳಿದಳು. ರೂಢಿಯಾದ ಕೈ.

"ದಿನಾ ಹಿಂಗನ?" ಎಂದೆ.

ಅವಳು ಗೇಟಿನಲ್ಲೇ ಉಳಿದಿದ್ದ ಅಳಿಯನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ನಿಮ್ಮ ಮಂದೀನ ಅಂತ, ಹೆಂಗ ಹೇಳ್ಲಿ ಅಕ್ಕಾರ. ಎರಡ ವರ್ಷಾತು. ಫೋನ್ ಹಚ್ಚಿದರ 'ನಾಳಿ ಬರ್ತೇನ್ರಿ' ಅಂತಾನ. ಆ ನಾಳಿ ಇನ್ನೂ ಹುಟ್ಟಿಲ್ಲ."

ಚಹ ಕುಡಿದು ಹೊರಟೆವು. ಘಟಪ್ರಭಾ ಬರುವಷ್ಟರಲ್ಲಿ ಅತ್ತೆಯ ಸೀರೆಯ ಅಂಚು ಒಣಗಿತ್ತು. ಏನಾದರೂ ಮಾತಾಡಬೇಕಲ್ಲ ಎಂದು, "ಆದರೂ ಅತ್ತಿ, ಹಣಿ ಮ್ಯಾಲ ವಿಭೂತಿ ಎಷ್ಟ ಚಂದ ಹಚ್ಚತಾನ ನೋಡ್ರಿ" ಎಂದೆ.

"ಹಣಿಗೆ ಹಚ್ಯಾನ," ಎಂದರು ಅತ್ತೆ. "ಬಚ್ಚಲಕ್ಕ ಹಚ್ಚಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು. "ನೀ ನಗತಿ. ಅವಂಗ ಬ್ಯಾಡ ಅಂದರ ನಾಳೆ ನನ್ನ ತವರಮನ್ಯಾಗ ನನಗ ತಾಟ ಇಡೋರ ಯಾರು? ಅಣ್ಣಾ ಹೋದ ಮ್ಯಾಲ ಆ ಮನ್ಯಾಗ ನನ್ನ 'ಅತ್ತಿ' ಅನ್ನಾಂವ ಇಂವ ಒಬ್ಬಾಂವ ಅದಾನ."

ಆಗ ನನಗೆ ವಿಷಯದ ತೂಕ ತಿಳಿಯಿತು. ನನ್ನ ಮನೆ ನೆಟ್ಟಗಿರಬೇಕು ಎಂದು ನಾನು ಹಟ ಹಿಡಿದರೆ, ಎಪ್ಪತ್ತು ದಾಟಿದ ಒಬ್ಬಾಕೆಯ ತವರು ಹೋಗುತ್ತದೆ. ಶುಕ್ರವಾರ ಪೂಜೆಗೆ ಕೂತಾಗ ಇಷ್ಟೇ ಬೇಡಿಕೊಂಡೆ: ಎರಡೂ ಉಳಿಯುವಂಥ ದಾರಿ ತೋರಿಸು, ನನ್ನಪ್ಪ. ನನಗಂತೂ ಕಾಣಲೊಲ್ಲದು.

ನಮ್ಮ ಮನೆಯವರು ಮೂಡಲಗಿ ಕಡೆಯ ಒಂದು ಸಾಲೆಯಲ್ಲಿ ಮಾಸ್ತರು. ಅವರ ಜೊತೆ ಕಲಿಸುವ ಟೀಚರಮ್ಮ ಮನೆ ಕಟ್ಟುವ ಒಬ್ಬ ಗೌಂಡಿಯ ಹೆಸರು ಹೇಳಿ ಆರು ತಿಂಗಳಾಗಿತ್ತು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಶನಿವಾರ ಅವರನ್ನು ನೋಡಲೆಂದು ನಾನು ಸೆರಗು ಸರಿಮಾಡಿಕೊಂಡು ಹೊರಡುವಾಗ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ಪುಕಟ್ಟ ಬಸ್ಸ. ಮನ್ಯಾಗ ಕುಂತ ಏನ ಮಾಡ್ಲಿ?" ಎಂದರು.

ಮೂಡಲಗಿಯಲ್ಲಿ ಗೌಂಡಿ ಅರ್ಧ ಎದ್ದ ಗೋಡೆಯ ಮೇಲೆ ನಿಂತು ಇಟ್ಟಿಗೆ ಇಡುತ್ತಿದ್ದರು. ಐವತ್ತು ದಾಟಿದ ಮುಸಲ್ಮಾನ ಮನುಷ್ಯ, ಗಡ್ಡಕ್ಕೆಲ್ಲ ಸಿಮೆಂಟು. ಇಳಿದು ಬಂದು ಕೈ ತೊಳೆದುಕೊಂಡು ನಮಸ್ಕಾರ ಮಾಡಿದರು. ನೀವು ಕಟ್ಟಿದ ಮನೆ ತೋರಿಸಿ ಎಂದೆ.

"ನಾ ತೋರಿಸಿದರ ಚಲೋವ ತೋರಸ್ತೇನ್ರಿ ಅಕ್ಕಾರ. ನೀವ ಹೋಗಿ ಬರ್ರಿ. ಈ ಓಣಿ ಕಡೀಕ ಹಳದಿ ಬಣ್ಣದ್ದೊಂದ ಮನಿ ಐತಿ. ಮೊದಲ ಅಲ್ಲೆ ಹೋಗ್ರಿ."

ಹಳದಿ ಮನೆಗೆ ಹೋದೆವು. ಚೊಕ್ಕ ಮನೆ, ಬಣ್ಣದ ಕಲ್ಲು ಇಲ್ಲ, ಕೆತ್ತನೆ ಇಲ್ಲ. ಗಾಳಿ ಬೆಳಕು ಧಾರಾಳ. ತೊಟ್ಟಿಲಲ್ಲಿ ಕೂಸು ಮಲಗಿತ್ತು. ಮನೆಯಾಕೆ ನನ್ನಷ್ಟೇ ವಯಸ್ಸಿನವಳು, ಬಾಯಿ ತುಂಬ ಮಾತಾಡಿಸಿ ಕಾಲಿಗೆ ನೀರು ಕೊಟ್ಟಳು. ನಾನು ಅತ್ತೆಯನ್ನು ಮುಂದೆ ಬಿಡಲಿಲ್ಲ, ತಂಬಿಗೆ ನಾನೇ ಬಗ್ಗಿಸಿದೆ. ನೀರು ಹೋಯಿತು. ಅರ್ಧ ಕಿಂಡಿಗೆ ಇಳಿಯಿತು, ಇನ್ನರ್ಧ ಮೂಲೆಯಲ್ಲಿ ಅಂಗೈಯಷ್ಟು ಕೆರೆಯಾಗಿ ನಿಂತಿತು.

ಅತ್ತೆ ಹಿಂದಿನಿಂದ ಇಣುಕಿ, "ಹೋಗ್ಲಿ ಬಿಡು," ಎಂದರು, ದನಿಯಲ್ಲಿ ತುಸು ಸಂತೋಷವೂ ಇತ್ತು. "ಇಂವನೂ ನನ್ನ ಅಳಿಯಾನ ತಮ್ಮನ."

ಮನೆಯಾಕೆಗೆ ಕೇಳಿಸಿತು. ಕೋಪ ಬಂದೀತು ಎಂದುಕೊಂಡರೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆ ಗೌಂಡಿ ಕಾಕಾ ಕಳಸ್ಯಾರೇನ್ರಿ? ಯಾರ ಬಂದ ಕೇಳಿದರೂ ಮೊದಲ ನಮ್ಮ ಮನೀಗೇ ಕಳಸ್ತಾರ. ತಪ್ಪಾಗಿದ್ದ ಇದೊಂದ ಅಂತ."

"ಮತ್ತ ಸರಿ ಮಾಡೂದಿಲ್ಲೇನು?" ಎಂದರು ಅತ್ತೆ.

"ಅವರದೇನೂ ತಪ್ಪಿಲ್ರಿ ಅವ್ವಾರ. ಮನಿ ಹೊಕ್ಕ ವಾರದಾಗ ತಾವ ಬಂದ ನೋಡಿ, ಒಡದ ಹೊಸದ ಹಾಕ್ತೇನಿ ಅಂದರು. ಆದರ ದೊಡ್ಡ ಮಗಳ ಬಾಣಂತನಕ್ಕ ಬಂದಿದ್ಲು. ಬಾಣಂತಿ ಮನ್ಯಾಗ ಇಟಗೊಂಡ ಬಚ್ಚಲ ಹೆಂಗ ಒಡಸೂದು? ನಾಳೆ ನಾಡದ ಅನ್ನೂದರಾಗ ಎರಡನೇದಾಕಿ ಬಂದ್ಲು. ಈಗ ಮತ್ತ ದೊಡ್ಡಾಕಿ." ತೊಟ್ಟಿಲ ಕಡೆ ಕೈ ತೋರಿಸಿದಳು. "ಪ್ರತಿ ರಮಜಾನಕ್ಕ ಸುರಕುಂಬಾ ಪಾಯಸಾ ತಗೊಂಡ ಬರ್ತಾರ. ಡಬ್ಬಿ ಕೈಯಾಗ ಕೊಟ್ಟ ಒಂದ ಮಾತ ಕೇಳತಾರ: 'ಈ ವರ್ಷರೆ ಒಡೀಲೇನ ತಂಗಿ?' ನಾವ ಬ್ಯಾಡ ಅನ್ನೂದು, ಅವರ ಮಾರಿ ಸಪ್ಪಗ ಮಾಡಕೊಂಡ ಹೋಗೂದು."

ತೊಟ್ಟಿಲು ತೂಗುತ್ತಾ ಅವಳು ಇನ್ನೂ ಏನೇನೋ ಹೇಳಿದಳು, ನನಗೆ ಮುಂದಿನದು ಕಿವಿಗೆ ಬೀಳಲಿಲ್ಲ. ಆ ಬಚ್ಚಲ ಮೂಲೆಯ ನೀರನ್ನೇ ನೋಡುತ್ತಾ ನಿಂತೆ. ಮನುಷ್ಯ ಕಟ್ಟಿದ ಮನೆಯಲ್ಲಿ ತಪ್ಪು ಇದ್ದೇ ಇರುತ್ತದೆ. ತಿರುಗಿ ಬರುವವನು ಬೇಕು, ಅಷ್ಟೆ. ಹತ್ತೊಂಬತ್ತು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ.

ವಾಪಸು ಬಂದು ಗೌಂಡಿಯವರನ್ನು ಕೇಳಿದೆ. "ಕಾಕಾ, ಅದು ಯಾಕ ಹಂಗಾತು?"

ಅವರು ನೆಪ ಹೇಳಲಿಲ್ಲ. "ಹುಡುಗರು ಬಚ್ಚಲದ ನೆಲಾ ಹಾಕೂ ದಿನಾ ನಾ ಲಗ್ನಕ್ಕ ಹೋಗಿದ್ನಿರಿ. ಹೋಗಬಾರದಿತ್ತ."

ಅತ್ತೆ ಆ ಮಾತನ್ನು ಕೇಳಿಸಿಕೊಂಡು ಅವರ ಮುಖವನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನೂ ಕೇಳದೆ, "ಸೋಮವಾರ ಮುಂಜಾನೆ ಗೋಕಾಕಕ್ಕ ಬರ್ರಿ," ಎಂದರು.

ಭಾನುವಾರವೆಲ್ಲ ನಮ್ಮ ಮನೆಯವರು ಅತ್ತಿಂದಿತ್ತ ತಿರುಗಿದರು. "ಹುಕ್ಕೇರಿಯಾಂವಗ ಏನ ಹೇಳೂದ ಅವ್ವಾ?"

"ನಾ ಹೇಳ್ತೇನಿ."

"ಫೋನ್ ಹಚ್ಚಿ ಕೊಡ್ಲೇನು?"

"ಫೋನಿನ್ಯಾಗ ಹೇಳೂ ಮಾತಲ್ಲ. ಬರ್ಲಿ ಅಂವ. ಮಾರಿ ನೋಡಿ ಹೇಳಬೇಕ."

ಸೋಮವಾರ ಪ್ಲಾಟಿನಲ್ಲಿ ಇಬ್ಬರೂ ಬಂದು ನಿಂತರು. ಅಳಿಯ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಗೌಂಡಿ ಕಾಕಾ ದಾರದ ಉಂಡೆ ಚೀಲದಲ್ಲಿ ಹಾಕಿಕೊಂಡು. ಅಯ್ಯನವರು ಪೂಜೆ ಮುಗಿಸಿದರು. ನಮ್ಮ ಮನೆಯವರು ನೆಲ ನೋಡುತ್ತಿದ್ದರು. ವೀಳ್ಯದ ತಟ್ಟೆ ನನ್ನ ಕೈಯಲ್ಲಿತ್ತು. ಅತ್ತೆ ಅದನ್ನು ಇಸಿದುಕೊಂಡು ನೇರ ಹೋಗಿ ಗೌಂಡಿಯವರ ಕೈಗೆ ಕೊಟ್ಟರು.

ಅಳಿಯನ ಮುಖ ಕಪ್ಪಿಟ್ಟಿತು. "ಅತ್ತೀ..." ಎಂದ.

"ನಿನಗೂ ಐತಿ ತಡೀ." ಅತ್ತೆ ತಮ್ಮ ಚೀಲದಿಂದ ಇನ್ನೊಂದು ತೆಂಗಿನಕಾಯಿ ತೆಗೆದರು. ಅದು ಚೀಲಕ್ಕೆ ಯಾವಾಗ ಹೋಗಿತ್ತೋ ನನಗೂ ಗೊತ್ತಿರಲಿಲ್ಲ. "ಇದನ್ನ ತಗೊಂಡ ಹುಕ್ಕೇರಿಗೆ ಹೋಗು. ಆ ಹೆಣ್ಣಮಗಳ ಮನಿ ಬಚ್ಚಲಕ್ಕ ಕಾಯಿ ಒಡದ, ನೆಲದ ಫರಸಿ ಕಿತ್ತ, ಸರಿ ಮಾಡು. ಅದ ಮುಗಿಸಿ ಬಾ. ಈ ಮನಿ ಕಾಂಪೌಂಡ ಗ್ವಾಡಿ ನಿಂದ. ಅತ್ತಿ ಮನಿ ಸುತ್ತ ಗ್ವಾಡಿ ಅಳಿಯಾನ ಕಟ್ಟಬೇಕು."

ಅವನು ಕೈ ಚಾಚಲಿಲ್ಲ. ಆಗ ಗೌಂಡಿ ಕಾಕಾ ನಡುವೆ ಬಂದರು. "ತಗೋರಿ ಸಾವಕಾರ. ನಂದೂ ಅಂಥಾದ್ದೊಂದ ಬಚ್ಚಲ ಬಾಕಿ ಐತಿ ಮೂಡಲಗ್ಯಾಗ. ಬೇಕಾದರ ಇಬ್ಬರೂ ಕೂಡಿ ಎರಡೂ ಒಡಿಯೂಣು."

ಮೊದಲು ನಕ್ಕವನು ಅಳಿಯನೇ. ನಗುತ್ತಲೇ ಕಾಯಿ ತೆಗೆದುಕೊಂಡು ಅತ್ತೆಯ ಕಾಲು ಮುಟ್ಟಿದ. ಹದಿನೈದು ದಿನದ ಮೇಲೆ ಹುಕ್ಕೇರಿಯ ಆ ಹೆಣ್ಣುಮಗಳು ಅಳಿಯನಿಂದಲೇ ನಂಬರು ಇಸಿದುಕೊಂಡು ಫೋನ್ ಮಾಡಿ, "ಅಕ್ಕಾರ, ನಾಳಿ ಹುಟ್ಟಿತ್ರಿ!" ಎಂದು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅತ್ತೆಗೆ ಆ ಸಲದ ನಾಗಪಂಚಮಿಯ ತವರಿನ ಉಂಡಿ ಹುಕ್ಕೇರಿಯಿಂದಲೇ ಬಂತು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಸೋಮವಾರ ಗೌಂಡಿ ಕಾಕಾ ದಾರ ಹಿಡಿದು, ಗೂಟ ಹೊಡೆದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾ ಹೋದರು. ಪಡಸಾಲೆ ಆಯಿತು, ಅಡಿಗೆಮನೆ ಆಯಿತು. ನಾನು ತಡೆಯಲಾರದೆ ಅಡಿಗೆಮನೆಯ ಗೆರೆಯೊಳಗೆ ಹೋಗಿ ನಿಂತೆ. ಇಲ್ಲಿ ಒಲೆ, ಇಲ್ಲಿ ಕಿಟಕಿ. ಅತ್ತೆ ತಮ್ಮ ಕೋಣೆಯ ನಾಲ್ಕು ಗೆರೆಗಳ ನಡುವೆ ಮಣ್ಣಿನ ಮೇಲೆ ಕಾಲು ಚಾಚಿ ಕೂತೇ ಬಿಟ್ಟರು. ನಮ್ಮ ಮನೆಯವರು ನನ್ನ ಹತ್ತಿರ ಬರಲೆಂದು ಪಡಸಾಲೆಯಿಂದ ನೇರವಾಗಿ ಹೆಜ್ಜೆ ಹಾಕಿದರು.

"ಲೇ!" ಅತ್ತೆ ಕೂತಲ್ಲಿಂದಲೇ ಗದರಿಸಿದರು. "ಗ್ವಾಡಿ ದಾಟಿ ಬರ್ತೀಯೇನೋ? ಬಾಗಲಾ ಅಲ್ಲೈತಿ, ಸುತ್ತ ಹಾಕ್ಕೊಂಡ ಬಾ!"

ನಮ್ಮ ಮಾಸ್ತರು ತಲೆ ತಗ್ಗಿಸಿ ಹಿಂದಕ್ಕೆ ಹೋಗಿ, ಗೆರೆ ಬಿಟ್ಟ ಜಾಗದಲ್ಲಿ ಚಪ್ಪಲಿ ಕಳಚಿಟ್ಟು, ಬಲಗಾಲು ಮುಂದಿಟ್ಟು ಒಳಗೆ ಬಂದರು.